ಅಪರ್ಚರ್ ಎಂಟು ಮತ್ತು ಸೋದರಮಾವ: ಉಮರ್ಗಾ–ನಿಲಂಗಾ–ಉದಗೀರ ಸೀಮೆಯ ಪಟಮೀಮಾಂಸೆ

ಸೂತ್ರ: ಮಸುಕಾದವಂ ಮುನಿವಂ.

ವೃತ್ತಿ: ಪಟದಲ್ಲಿ ಯಾವನ ಮುಖ ಮಸುಕಾಗಿ ಬೀಳುವುದೋ ಅವನು ಮುನಿಸಿಕೊಳ್ಳುವನು. ಅವನು ಸುಮ್ಮನಿದ್ದರೆ ಅವನ ಹೆಂಡತಿ ಮುನಿಸಿಕೊಳ್ಳುವಳು. ಆಕೆಯೂ ಸುಮ್ಮನಿದ್ದರೆ ಇಬ್ಬರ ಪರವಾಗಿ ಊರಲ್ಲಿ ಬೇರೆ ಯಾರಾದರೂ ಮುನಿಸಿಕೊಳ್ಳುವರು.

ಪ್ರಯೋಗ: “ಮಾಮಾನ ಮಾರಿ ಯಾಕ ಹಿಂಗ ಮಸಕ ಬಂದದ? ಬೇಕಂತಲೇ ಮಾಡ್ಯಾರೇನು?”

ಸೂತ್ರ, ವೃತ್ತಿ, ಪ್ರಯೋಗವೆಂಬ ಈ ಕ್ರಮ ನಮ್ಮದಲ್ಲ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡ ವ್ಯಾಕರಣವನ್ನು ಹೀಗೆ ಕಟ್ಟಿದ. ಫುಲ್ ಫ್ರೇಮ್ ಕ್ಯಾಮೆರಾದ ಪಟಗಳನ್ನು ಹಂಚಿಕೊಳ್ಳುವ ಮತ್ತು ಹಂಚಿಕೊಂಡ ಮೇಲೆ ಜಗಳಾಡುವ ಶಾಸ್ತ್ರಕ್ಕೆ ವೈಯಾಕರಣನ ಆಧಾರ ಏಕೆ ಎಂದು ಕೆಲವರು ಆಕ್ಷೇಪಿಸಬಹುದು. ಕೇಶಿರಾಜನಿಗೆ ಸೋದರಮಾವನಿದ್ದ, ಆತ ಸಾಕ್ಷಾತ್ ಕವಿ ಜನ್ನ. ಸೋದರಮಾವನನ್ನು ಪಟದ ಯಾವ ಮೂಲೆಯಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಯೇ ಈ ಪ್ರಬಂಧದ ತಿರುಳಾದ್ದರಿಂದ, ಕೇಶಿರಾಜನ ಅಧಿಕಾರವನ್ನು ನಾವು ಪ್ರಶ್ನಾತೀತವೆಂದೇ ಭಾವಿಸುತ್ತೇವೆ.

ಮೊದಲು ಕ್ಷೇತ್ರ ವಿಚಾರ. ಕವಿರಾಜಮಾರ್ಗಕಾರ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯ ತನಕ ಹರಡಿಟ್ಟ. ಅದು ವೈಡ್ ಆಂಗಲ್ ಲೆನ್ಸಿನ ಕೆಲಸ. ನಮ್ಮ ಮೂರೂ ಊರುಗಳು ಅದರಲ್ಲಿ ಆರಾಮಾಗಿ ಕೂತಿವೆ. ಆಮೇಲೆ ಬಂದವರು ಟೆಲಿ ಲೆನ್ಸಿನವರು. ನಿಲಂಗಾ ಮತ್ತು ಉದಗೀರ ತಾಲೂಕುಗಳು ನಿಜಾಮನ ಕಾಲದಿಂದ ಬೀದರ್ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಬೀದರ್ ಮೈಸೂರಿನ ಕಡೆ ಬಂತು, ಇವೆರಡು ಉಸ್ಮಾನಾಬಾದ್ ಜಿಲ್ಲೆಗೆ ಸೇರಿ ಮುಂಬಯಿ ರಾಜ್ಯಕ್ಕೆ ಹೋದವು, ಮುಂದೆ 1982ರಲ್ಲಿ ಲಾತೂರ್ ಜಿಲ್ಲೆಯ ಪಾಲಾದವು. ಉಮರ್ಗಾ ಉಸ್ಮಾನಾಬಾದಿನಲ್ಲೇ ಉಳಿಯಿತು. ಆ ಜಿಲ್ಲೆಯ ಹೆಸರು ಈಗ ಧಾರಾಶಿವ. ಛಾಯಾಗ್ರಹಣದ ಪರಿಭಾಷೆಯಲ್ಲಿ ಇದನ್ನೆಲ್ಲ ಕ್ರಾಪಿಂಗ್ ಎನ್ನುತ್ತಾರೆ. ಅಂಚಿನಲ್ಲಿ ನಿಂತವರ ತಲೆ ಒಂದು ಕಡೆ, ತೋಳು ಇನ್ನೊಂದು ಕಡೆ: ಹೆಣ್ಣು ಕೊಟ್ಟದ್ದು ಭಾಲ್ಕಿಗೆ, ತಂದದ್ದು ಬಸವಕಲ್ಯಾಣದಿಂದ, ಹೊಲ ನಿಲಂಗಾ ತಾಲೂಕಿನಲ್ಲಿ, ಸಾಲಿ ಕಲಿತದ್ದು ಮರಾಠಿಯಲ್ಲಿ. ಒಮ್ಮೆ ಚೌಕಟ್ಟಿನ ಅಂಚಿಗೆ ಸಿಕ್ಕ ಜನ ಮುಂದೆ ಯಾರೇ ಕ್ಯಾಮೆರಾ ಎತ್ತಿದರೂ “ಎಲ್ಲಾರೂ ಬಂದಾರ?” ಎಂದು ಏಕೆ ಕೇಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಾಗದು.

ಇನ್ನು ಉಪಕರಣ. ಆಸ್ತಮಾದಿಂದ ನರಳುತ್ತಿದ್ದ ಜರ್ಮನಿಯ ಓಸ್ಕರ್ ಬರ್ನಾಕ್‌ಗೆ ಭಾರದ ಪ್ಲೇಟ್ ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದು ಆಗುತ್ತಿರಲಿಲ್ಲ. ಸಿನಿಮಾ ರೀಲನ್ನೇ ಅಡ್ಡ ಹಾಯಿಸಿ, 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರದ ಚಿತ್ರ ತೆಗೆಯುವ ಪುಟ್ಟ ಕ್ಯಾಮೆರಾ ಮಾಡಿದ. ಅದು 1925ರಲ್ಲಿ ಲೈಕಾ ಎಂದು ಲೈಪ್‌ಜಿಗ್ ಮೇಳಕ್ಕೆ ಬಂದಾಗ ದೊಡ್ಡ ಪ್ಲೇಟಿನವರ ಕಣ್ಣಿಗೆ ಆ ಅಳತೆ ತೀರ ಚಿಕ್ಕದು. ಈಗ ಅದೇ 36 ಬೈ 24 ಅಳತೆಯ ಡಿಜಿಟಲ್ ಸೆನ್ಸರ್ ಹಾಕಿದ್ದನ್ನು ಫುಲ್ ಫ್ರೇಮ್ ಎಂದು ತಲೆಯ ಮೇಲೆ ಹೊರುತ್ತಾರೆ. ಅಂಥ ಸೆನ್ಸರನ್ನು ಕೋಟಿನ ಜೇಬಿಗೆ ಇಳಿಯುವ ಡಬ್ಬಿಯಲ್ಲಿಟ್ಟು 2012ರಲ್ಲಿ ಸೋನಿಯವರು ಆರ್‌ಎಕ್ಸ್1 ತಂದರು. 2015ರಲ್ಲಿ ಲೈಕಾ ಕ್ಯೂ ಬಂತು. 2025ರಲ್ಲಿ ಆರ್‌ಎಕ್ಸ್1ಆರ್‌ನ ಮೂರನೆಯ ಅವತಾರ 61 ಮೆಗಾಪಿಕ್ಸೆಲ್‌ಗಳೊಂದಿಗೆ, ಐದು ಸಾವಿರ ಡಾಲರ್ ದಾಟಿದ ಬೆಲೆಗೆ ಇಳಿಯಿತು. ಈ ಬೆಲೆ ಕೇಳಿದ ಉದಗೀರದವರು ಮೊದಲು ಮಾಡುವುದು ಭಾಗಾಕಾರ: “ಇದರಾಗ ಎಷ್ಟು ಜೋಡಿ ಎತ್ತು ಬರ್ತಾವ?”

ಈ ಸೀಮೆಗೆ ಇಂಥ ಕ್ಯಾಮೆರಾವನ್ನು ಮೊದಲು ತಂದವರು ಯಾರು? ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಳಿಯ ತಾನೇ ಎಂದು ವಾದಿಸುತ್ತಾನೆ. ಇದು ಪೂರ್ವಪಕ್ಷ. ಸಿದ್ಧಾಂತ ಹೀಗಿದೆ: ಕಾಕಾನ ಮದುವೆಯಲ್ಲಿ ಯಾರೋ ಕೊರಳಿಗೆ ಹಾಕಿಕೊಂಡು ತಿರುಗಿದ ಯಾಶಿಕಾ ಎಂಎಫ್-2, ಆಮೇಲೆ ಮನೆಮನೆಗೂ ಬಂದ ಕೊಡಾಕ್ ಕೆಬಿ10, ಎರಡೂ 35 ಎಂಎಂ ರೋಲಿನವು, ಎರಡರ ನೆಗೆಟಿವೂ 36 ಬೈ 24, ಎರಡೂ ಒಂದೇ ಕೈಯಲ್ಲಿ ಹಿಡಿಯುವಂಥವು. ಅಂದರೆ ಕಾಂಪ್ಯಾಕ್ಟ್ ಫುಲ್ ಫ್ರೇಮ್ ಯುಗ ಇಲ್ಲಿ ಎರಡು ಪೆನ್ಸಿಲ್ ಸೆಲ್ಲಿನ ಮೇಲೆ ಯಾವತ್ತೋ ನಡೆದುಹೋಗಿದೆ. ಅಜ್ಜನ ಪೆಟ್ಟಿಗೆಯಲ್ಲಿ ಅಗ್ಫಾ ಕ್ಲಿಕ್ ತ್ರೀ ಸಿಕ್ಕಿತೋ, ಅಳಿಯನ ವಾದ ಪೂರ್ತಿ ಬಿದ್ದುಹೋಗುತ್ತದೆ. ಅದರ ಚೌಕ ನೆಗೆಟಿವ್ ಅವನ ಸೆನ್ಸರಿಗಿಂತ ಮೂರೂವರೆ ಪಟ್ಟು ದೊಡ್ಡದು. ಅಳಿಯಂದಿರ ಮುಂದೆ ಇದನ್ನು ಹೇಳುವ ರೂಢಿಯಿಲ್ಲ.

ಈಗ ಪ್ರಧಾನ ವಿಷಯಕ್ಕೆ ಬರೋಣ. ಅಳಿಯ ಈ ಕ್ಯಾಮೆರಾ ಕೊಂಡದ್ದೇ ಹಿನ್ನೆಲೆ ಮಸುಕು ಮಾಡುವುದಕ್ಕೆ. ಎದುರಿಗಿದ್ದವರ ರೆಪ್ಪೆ ಎಣಿಸುವಷ್ಟು ಸ್ಪಷ್ಟ, ಹಿಂದಿನದೆಲ್ಲ ಕರಗಿದ ಬೆಣ್ಣೆ. ಪುಣೆ, ಬೆಂಗಳೂರುಗಳಲ್ಲಿ ಇದನ್ನು ಸೌಂದರ್ಯ ಎನ್ನುತ್ತಾರೆ. ಅದು ಅಪಾರ್ಟ್‌ಮೆಂಟಿನವರ ಸೌಂದರ್ಯ. ಅವರ ಹಿಂದೆ ನಿಲ್ಲುವುದು ಗಿಡ, ಕಾರು, ಕಾಫಿ ಅಂಗಡಿಯ ದೀಪ. ಈ ಸೀಮೆಯಲ್ಲಿ ಹಿಂದೆ ನಿಲ್ಲುವವನು ಮಾಮಾ.

ಇದು ಅಲಂಕಾರದ ಮಾತಲ್ಲ. ಇಲ್ಲಿಯ ಮದುವೆಗಳಲ್ಲಿ ಅಂತರಪಟ ಹಿಡಿದು ಮಂಗಲಾಷ್ಟಕ ಶುರುವಾದಾಗ ವಧುವಿನ ಬೆನ್ನಿಗೆ ಆಕೆಯ ಸೋದರಮಾವ, ವರನ ಬೆನ್ನಿಗೆ ಆತನ ಸೋದರಮಾವ ನಿಲ್ಲುವುದು ರೂಢಿ. ಅಂದರೆ ಶಾಸ್ತ್ರವೇ ಮಾಮಾನನ್ನು ಫೋಕಸ್ಸಿನ ಹಿಂದೆ ನಿಲ್ಲಿಸಿದೆ. ಅಳಿಯನ 35 ಎಂಎಂ ಲೆನ್ಸು ಅಪರ್ಚರ್ 2ಕ್ಕೆ ಪೂರ್ತಿ ತೆರೆದಿದೆ, ವಧು ಎರಡು ಮೀಟರ್ ದೂರದಲ್ಲಿದ್ದಾಳೆ ಎನ್ನೋಣ. ಛಾಯಾಗ್ರಾಹಕರ ಸಾಮಾನ್ಯ ಲೆಕ್ಕದ ಪ್ರಕಾರ ಸ್ಪಷ್ಟವಾಗಿ ಬರುವುದು 1.82 ಮೀಟರಿನಿಂದ 2.22 ಮೀಟರಿನವರೆಗೆ ಮಾತ್ರ. ವಧುವಿನ ಹಿಂದೆ ಸ್ಪಷ್ಟತೆಗೆ ಸಿಕ್ಕಿದ ಜಾಗ 22 ಸೆಂಟಿಮೀಟರ್, ನಮ್ಮ ಅಳತೆಯಲ್ಲಿ ಒಂದು ಗೇಣು. ಗುಲಾಬಿ ಪಟಗ ಸುತ್ತಿಕೊಂಡು, ಹೊಸ ಧೋತರ ಉಟ್ಟು, ಮರ್ಯಾದೆಗೆ ಎರಡಡಿ ದೂರ ನಿಂತ ಮಾಮಾ ಆ ಗೇಣಿನೊಳಗೆ ಹೇಗೆ ಹಿಡಿಸಬೇಕು? ಪಟದಲ್ಲಿ ವಧುವಿನ ಮೂಗುತಿಯ ಹರಳು ಹರಳಾಗಿದೆ. ಆಕೆಯ ಭುಜದ ಮೇಲೊಂದು ಗುಲಾಬಿ ಮೋಡ ಇದೆ. ಆ ಮೋಡವೇ ಮಾಮಾ. ಖರ್ಚಿಗೆ ಐವತ್ತು ಸಾವಿರ ಕೊಟ್ಟಾತ.

ಈ ಮೋಡದ ಕುರಿತು ವಿದ್ವಾಂಸರಲ್ಲಿ ಭಿನ್ನಮತವಿದೆ. ಉಮರ್ಗಾದ ಪಂಥ ಇದನ್ನು ಕ್ಯಾಮೆರಾದ ದೋಷವೆಂದು ತಿಳಿಯುತ್ತದೆ: “ಇಷ್ಟು ರೊಕ್ಕ ಕೊಟ್ಟು ತಂದೀರಿ, ಎರಡು ಮಂದಿಗೆ ಒಮ್ಮಿಗೇ ಹಿಡಿಯಾಂಗಿಲ್ಲೇನ್ರಿ?” ಹೆದ್ದಾರಿಯ ಊರು, ಪುಣೆ–ಹೈದರಾಬಾದ್ ಗಾಡಿಗಳು ಹಗಲೂ ರಾತ್ರಿ ಹಾಯುತ್ತವೆ, ಯಂತ್ರ ಎಂದ ಮೇಲೆ ಕೆಡುತ್ತದೆ ಎಂಬ ಉದಾರ ದೃಷ್ಟಿ ಅವರಿಗಿದೆ. ನಿಲಂಗಾ ಪಂಥ ಇದು ತೆಗೆದವನ ಕೈಯ ದೋಷ ಎನ್ನುತ್ತದೆ. ಕೈ ನಡುಗಿರಬೇಕು, ಊಟ ತಡವಾಯಿತು. ಉದಗೀರ ಪಂಥ ಇಬ್ಬರನ್ನೂ ತಳ್ಳಿಹಾಕಿ ಉದ್ದೇಶವನ್ನು ಹುಡುಕುತ್ತದೆ. ಹೋದ ವರ್ಷದ ಹೊಲದ ವಾಟ್ನಿಗೂ, ಅಂದರೆ ಪಾಲಿಗೂ, ಈ ಮಸುಕಿಗೂ ಸಂಬಂಧವಿದೆ ಎಂಬುದು ಅವರ ನಿಲುವು. ಈ ಊರಿನ ಬಳಿ 1760ರಲ್ಲಿ ಸದಾಶಿವರಾವ್ ಭಾವು ನಿಜಾಮನ ಸೇನೆಯನ್ನು ಸೋಲಿಸಿ ದೌಲತಾಬಾದ್, ಬಿಜಾಪುರಗಳನ್ನೆಲ್ಲ ಬಿಡಿಸಿಕೊಂಡಾಗಲೂ ಒಂದು ತಹನಾಮೆ ಬರೆದು ಮುಗಿಸಿದರು. ಪಟದ ತಂಟೆಗೆ ತಹನಾಮೆ ಬರೆಯುವ ಪದ್ಧತಿ ಮಾತ್ರ ಇನ್ನೂ ಬಂದಿಲ್ಲ.

ಪರಿಹಾರ ಕಷ್ಟದ್ದೇನಲ್ಲ. ಮೂರು ಮೀಟರ್ ದೂರಕ್ಕೆ ಸರಿದು ಅಪರ್ಚರನ್ನು 8ಕ್ಕೆ ಇಟ್ಟರೆ ಅದೇ ಲೆನ್ಸು 1.9 ಮೀಟರಿನಿಂದ ಏಳು ಮೀಟರಿನಾಚೆಗೂ ಸ್ಪಷ್ಟ ಹಿಡಿಯುತ್ತದೆ: ಮುಂದೆ ನೆಲದ ಮೇಲೆ ಕೂತ ಹುಡುಗರು, ಕುರ್ಚಿಯ ಮೇಲಿನ ಹಿರಿಯರು, ನಿಂತ ಬೀಗರು, ಹಿಂದೆ ಬೆಂಚು ಹತ್ತಿದ ದೋಸ್ತರು. ಹೈದರಾಬಾದಿನ ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್‌ದಯಾಳ್ ಗಾಜಿನ ಫಲಕದ ಮೇಲೆ ನವಾಬರ ಗುಂಪುಗಳನ್ನು ತೆಗೆಯುತ್ತಿದ್ದಾಗ ಹಿಂದಿನ ಸಾಲಿನ ಜಾಗೀರದಾರನನ್ನು ಮಸುಕು ಮಾಡುವ ಧೈರ್ಯ ಮಾಡಲಿಲ್ಲ. ನಿಜಾಮ ಆತನಿಗೆ ‘ಮುಸವ್ವಿರ್ ಜಂಗ್’ ಎಂಬ ಬಿರುದು ಕೊಟ್ಟದ್ದು ಬೇರೆ ಕಾರಣಕ್ಕೂ ಇರಬಹುದು. ನಮ್ಮ ಸಿದ್ಧಾಂತಕ್ಕೆ ಈ ಕಾರಣವೇ ಅನುಕೂಲ. ಇನ್ನು ಫೋನು. ಅದರ ಸೆನ್ಸರ್ ಉಗುರಿನಷ್ಟು, ಅದಕ್ಕೇ ಅದು ಮಾಮಾನನ್ನೂ ಮಂಟಪವನ್ನೂ ಹಿಂದಿನ ಕುಲ್ಫಿ ಗಾಡಿಯನ್ನೂ ಒಂದೇ ಸಮ ಹಿಡಿಯುತ್ತದೆ. ಸಮಾನತೆಗೆ ಹೆಸರಾದ ಕಲ್ಯಾಣದಿಂದ ಇಲ್ಲಿಗೆ ಬಹಳ ದೂರವಿಲ್ಲ ಎಂಬುದನ್ನು ಓದುಗರು ನೆನಪಿಡಬೇಕು.

ಎರಡನೆಯ ಸೂತ್ರ: ಪಾದಮಿಲ್ಲದುದು ಪಟಮಲ್ತು. ಇದಕ್ಕೆ ವೃತ್ತಿ ಬೇಡ. ಮೊಣಕಾಲಿಗೆ ಕತ್ತರಿಸಿದ ಪಟ ನೋಡಿ ಅತ್ತಿ “ಕಾಲು ಎಲ್ಲಿ ಹ್ವಾದವು?” ಎಂದಾಗ ಅಳಿಯ ‘ಕಾಂಪೊಸಿಷನ್’ ಎಂದು ಉತ್ತರಿಸಿದರೆ ಸಾಕು, ಅವನ ಇಡೀ ವಿದ್ಯೆಯ ಮೇಲಿನ ನಂಬಿಕೆ ಹೋಗುತ್ತದೆ. ಹೊಸ ಪೈಠಣಿಯ ಅಂಚು ಕೆಳಗಿರುತ್ತದೆ ಎಂಬ ಸಣ್ಣ ಸಂಗತಿ ಯಾವ ಛಾಯಾಗ್ರಹಣದ ಪುಸ್ತಕದಲ್ಲೂ ಇಲ್ಲ.

ಜಾನುವಾರುಗಳ ಪಟಶಾಸ್ತ್ರ ಇದಕ್ಕಿಂತ ಕಠಿಣ. ಉದಗೀರದ ಪಕ್ಕದ ದೇವಣಿಯ ಹೆಸರು ಹೊತ್ತ ದೇವಣಿ ತಳಿಯ ತವರು ಇದೇ ಸೀಮೆ, ಬೀದರ್ ಜಿಲ್ಲೆಯೂ ಸೇರಿ. ಅದರಲ್ಲಿ ಮೂರು ಬಗೆ. ಮೈಯೆಲ್ಲ ಬಿಳಿಯಾಗಿ ಮುಖಕ್ಕೆ ಕಪ್ಪು ಬಂದರೆ ವಾನೇರಾ. ಬಿಳಿ ಮೈಮೇಲೆ ಅಡ್ಡಾದಿಡ್ಡಿ ಕರಿ ಮಚ್ಚೆ ಇದ್ದರೆ ಶೇವೇರಾ. ಮೇಲೆ ಬಿಳಿ, ಹೊಟ್ಟೆಯ ಕೆಳಗಷ್ಟೇ ಮಚ್ಚೆಯಿದ್ದರೆ ಬಾಳಂಕ್ಯಾ. ಕಪ್ಪು ಎಲ್ಲಿ ಮುಗಿಯಿತು, ಬಿಳಿ ಎಲ್ಲಿ ಶುರುವಾಯಿತು ಎಂಬುದರ ಮೇಲೆ ಹಾಳಿ-ಹಂಡರಗುಳಿಯ ದನದ ಬಾಜಾರದಲ್ಲಿ ಮಾತು ನಡೆಯುತ್ತದೆ. ಬೆಲೆಯೂ ಅದರ ಬೆನ್ನಿಗೇ. ಕ್ಯಾಮೆರಾದೊಳಗಿನ ಮೀಟರ್‌ಗೆ ಈ ತಾರತಮ್ಯ ತಿಳಿಯದು. ಅದು ಜಗತ್ತೆಲ್ಲ ನಡುಮಟ್ಟದ ಬೂದಿ ಬಣ್ಣದ್ದೆಂದು ನಂಬಿಕೊಂಡು ಹುಟ್ಟಿದೆ. ಬಿಳಿ ಆಕಳು ಚೌಕಟ್ಟು ತುಂಬಿ ನಿಂತರೆ ಅದನ್ನು ಬೂದಿಗೆ ಇಳಿಸುತ್ತದೆ.

ಅಳಿಯ ತೆಗೆದ ಪಟ ನೋಡಿ ದನದ ಒಡೆಯ ಬಹಳ ಹೊತ್ತು ಏನೂ ಅನ್ನಲಿಲ್ಲ. ತೆರೆಯನ್ನು ಬಿಸಿಲಿನಿಂದ ಮರೆ ಮಾಡಿ ನೋಡಿದ, ಅಂಗಿಯ ತುದಿಯಿಂದ ಒರೆಸಿ ನೋಡಿದ. ಆಮೇಲೆ ಹೇಳಿದ: “ಆಕಳು ಛಲೋ ಅದರಿ. ಖರೆ ನಮ್ಮದಲ್ಲ. ನಮ್ಮದು ಬೆಳ್ಳಗದ.” ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಎಂಬ ಚಕ್ರವನ್ನು ಪ್ಲಸ್ ಒಂದಕ್ಕೆ ತಿರುಗಿಸಿದ ಮೇಲೆ ಆಕಳು ಒಡೆಯನಿಗೆ ವಾಪಸ್ ಬಂತು. ಆದರೂ ವಿಮರ್ಶೆ ಮುಗಿಯಲಿಲ್ಲ: ಹಿಣಿಲು ಕಾಣಬೇಕು, ಗಂಗೆದೊಗಲು ಜೋತಿರಬೇಕು, ನಾಲ್ಕೂ ಕಾಲು ಬೇರೆ ಬೇರೆ ಎಣಿಸಲು ಸಿಗಬೇಕು, ಬಾಲದ ಕುಚ್ಚು ಕತ್ತರಿಸಬಾರದು. ಇಷ್ಟು ಸ್ಪಷ್ಟ ಮಾನದಂಡಗಳಿಂದ ಪಟ ನೋಡುವ ವಿಮರ್ಶಕರು ನನಗೆ ಮಹಾನಗರದ ಯಾವ ಪ್ರದರ್ಶನದಲ್ಲೂ ಕಂಡಿಲ್ಲ. ಅಲ್ಲಿ ‘ಮೂಡ್’ ಎಂದು ತಲೆದೂಗಿ ಚಹಾ ಕುಡಿಯುತ್ತಾರೆ.

ನಿಲಂಗಾದ ನೀಲಕಂಠೇಶ್ವರ ಗುಡಿಯಲ್ಲಿ ತೊಂದರೆ ತಿರುವುಮುರುವು. ಕರಿ ಕಲ್ಲು, ಒಳಗೆ ಕತ್ತಲೆ, ಹರಗೌರಿಯ ಮೂರ್ತಿ; ಮೀಟರ್ ಕಪ್ಪನ್ನೂ ಬೂದಿ ಮಾಡಲು ಹೊರಟಾಗ ಚಕ್ರವನ್ನು ಮೈನಸ್ ಕಡೆ ತಿರುಗಿಸಬೇಕು. ಅಳಿಯ ಇಲ್ಲಿ ಒಳ್ಳೆಯ ಕೆಲಸ ಮಾಡಿದ, ಕಂಬದ ಕೆತ್ತನೆಯ ಉಳಿಗೆರೆ ಸಮೇತ ಹಿಡಿದ. ಯಾರೂ ಚರ್ಚಿಸಲಿಲ್ಲ. ಪಟದಲ್ಲಿ ಪರಿಚಯದವರು ಇರಲಿಲ್ಲ.

ಚರ್ಚೆಯ ಭಾಷೆಯ ಬಗ್ಗೆ ಒಂದು ನಿಯಮವನ್ನು ಇಲ್ಲಿ ಮೊದಲ ಬಾರಿಗೆ ಮಂಡಿಸುತ್ತಿದ್ದೇವೆ. ಈ ಸೀಮೆಯಲ್ಲಿ ಪಟವನ್ನು ಹೊಗಳುವುದು ಮರಾಠಿಯಲ್ಲಿ, ಬೆಲೆ ಕೇಳುವುದು ಹಿಂದಿಯಲ್ಲಿ, ತಕರಾರು ಮಾಡುವುದು ಕನ್ನಡದಲ್ಲಿ. “ಲಈ ಭಾರಿ” ಎಂದು ಬಂದರೆ ಕಳಿಸಿದವರು ದೂರದವರು. “ಕಿತ್ನೆ ಕೊ ಪಡಾ?” ಎಂದರೆ ಆಫೀಸಿನವರು. “ಏನ್ ತೆಗದೀಯೋ ಮಾರಾಯ” ಎಂದು ಬಂತೋ, ಒಂದೇ ಮನೆಯವರು. ಉದಗೀರದಲ್ಲಿ 2022ರ ಏಪ್ರಿಲ್‌ನಲ್ಲಿ 95ನೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಡೆದು ಊರು ಮರಾಠಿ ಪುಸ್ತಕಗಳಿಂದ ತುಂಬಿದಾಗಲೂ ಅಡುಗೆಮನೆಯ ತಕರಾರು ಭಾಷೆ ಬದಲಿಸಲಿಲ್ಲ. ಇನ್ನೊಂದು ತೊಡಕಿದೆ. ಸಾಲಿಯಲ್ಲಿ ಮರಾಠಿ ಕಲಿತವರಿಗೆ ಕನ್ನಡ ಬಾಯಿಗೆ ಬರುತ್ತದೆ, ಬೆರಳಿಗೆ ಬರುವುದಿಲ್ಲ. ಅವರು ಕನ್ನಡದ ಬೈಗುಳವನ್ನು ಮರಾಠಿಯ ಬಾಳಬೋಧ ಅಕ್ಷರದಲ್ಲಿ ಒತ್ತಿ ಕಳಿಸುತ್ತಾರೆ. ಬೆಂಗಳೂರಿನಲ್ಲಿ ಓದಿದ ಸೊಸೆ ಅದನ್ನು ಮರಾಠಿ ಶ್ಲೋಕವೆಂದು ತಿಳಿದು ಕೈಮುಗಿಯುವ ಚಿತ್ರ ಹಾಕುತ್ತಾಳೆ. ಲಿಪಿ ಮತ್ತು ಶಾಂತಿ ಕುರಿತು ಪಿಎಚ್‌ಡಿ ಮಾಡುವವರಿಗೆ ಈ ವಿಷಯ ಬಿಟ್ಟುಕೊಟ್ಟಿದ್ದೇವೆ.

ಹಂಚಿಕೆಯ ಯಾಂತ್ರಿಕ ಭಾಗವನ್ನೂ ನೋಡಬೇಕು. 61 ಮೆಗಾಪಿಕ್ಸೆಲ್ ಪಟ ಎಂದರೆ 9,504 ಚುಕ್ಕಿ ಅಗಲ, 6,336 ಚುಕ್ಕಿ ಎತ್ತರ. ಒಟ್ಟು ಆರು ಕೋಟಿ ಮೇಲೆ ಎರಡು ಲಕ್ಷ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು 1,600 ಚುಕ್ಕಿ ಅಗಲಕ್ಕೆ ಇಳಿಯುತ್ತದೆ. ಉಳಿಯುವುದು ಹದಿನೇಳು ಲಕ್ಷ. ಮೂವತ್ತೈದರಲ್ಲಿ ಒಂದು ಚುಕ್ಕಿ ಉಮರ್ಗಾ ಮುಟ್ಟಿತು, ಮೂವತ್ನಾಲ್ಕು ದಾರಿಯಲ್ಲೇ ಇಳಿದವು. ಅಳಿಯ ಐದು ಸಾವಿರ ಡಾಲರ್ ಕೊಟ್ಟದ್ದು ಆ ಇಳಿದುಹೋದವಕ್ಕೆ. ಕುಟುಂಬದ ಗುಂಪಿನಲ್ಲಿ ಅವನ ಪಟವೂ, ಏಳು ಸಾವಿರದ ಫೋನಿನಿಂದ ತಮ್ಮ ತೆಗೆದ ಪಟವೂ ಅಕ್ಕಪಕ್ಕ ಬಂದವು. ತಮ್ಮನದಕ್ಕೇ ಹೆಚ್ಚು ಹೂವು ಬಿದ್ದವು, ಅದರಲ್ಲಿ ಮಾಮಾ ಇದ್ದ.

ಇಲ್ಲಿ ಶಾಸ್ತ್ರಕಾರ ಸ್ವಲ್ಪ ಹೊತ್ತು ದನಿ ಇಳಿಸಬೇಕಾಗುತ್ತದೆ. ಮಸುಕಿನ ಮೇಲಿನ ಈ ಮುನಿಸಿನ ಹಿಂದೆ ಬರೀ ಜಂಬ ಇದೆ ಎಂದು ತಿಳಿಯುವುದು ತಪ್ಪು. ಹಳ್ಳಿಯ ಹಿರಿಯರು ಸ್ಟುಡಿಯೋಕ್ಕೆ ಹೋಗಿ ಒಬ್ಬರೇ ಕೂತು ಪಟ ತೆಗೆಸಿಕೊಂಡದ್ದು ಕಡಿಮೆ. ಅವರು ಹೋದ ಮೇಲೆ ಗೋಡೆಗೆ ಹಾಕಲು ಪಟ ಬೇಕೆಂದಾಗ ಮನೆಯವರು ಮದುವೆಯ ಆಲ್ಬಮ್ ತೆಗೆಯುತ್ತಾರೆ. ಯಾರದೋ ಆಹೇರದ ಹಿಂದೆ, ಯಾವುದೋ ಸಾಲಿನಲ್ಲಿ ನಿಂತ ಮುಖವನ್ನು ಫೋಟೊದವನು ಕತ್ತರಿಸಿ, ದೊಡ್ಡದು ಮಾಡಿ, ಹಿಂದೆ ನೀಲಿ ಬಣ್ಣ ತುಂಬಿ, ಬೇಕಾದರೆ ಕೋಟು ತೊಡಿಸಿ, ಗಾಜು ಹಾಕಿ ಕೊಡುತ್ತಾನೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿ ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರಿನಿಂದ ಔಸಾ ತಾಲೂಕಿನ ಕಿಲ್ಲಾರಿಯ ತನಕ ಕಲ್ಲು-ಮಣ್ಣಿನ ಗೋಡೆಗಳು ಮಲಗಿದ್ದವರ ಮೇಲೆ ಬಿದ್ದವು, ಸಾವಿರಾರು ಜನ ಹೋದರು. ಆ ಗೋಡೆಗಳ ಮೇಲೆ ಪಟಗಳೂ ಇದ್ದವು. ಬೇರೆ ಊರಿನ ಬೀಗರ ಮನೆಯ ಆಲ್ಬಮ್ಮಿನಲ್ಲಿ ಹಿಂದಿನ ಸಾಲಿನಲ್ಲಿ ಸಿಕ್ಕ ಮುಖಕ್ಕೆ ಎಷ್ಟು ಬೆಲೆ ಎಂದು ಈ ಸೀಮೆಯವರಿಗೆ ಯಾರೂ ಕಲಿಸಬೇಕಿಲ್ಲ.

ಹಾಗೆ ನೋಡಿದರೆ ಆರು ಕೋಟಿ ಚುಕ್ಕಿಗಳಿಗೂ ಒಂದು ಕೆಲಸವಿದೆ. ಆರು ಮೀಟರ್ ಅಗಲದ ಸಾಲಿನಲ್ಲಿ ನಿಂತವರ ಪಟದಲ್ಲಿ ಒಂದು ಮುಖ ಹದಿನೈದು ಸೆಂಟಿಮೀಟರ್ ಎಂದು ಹಿಡಿದರೆ, ಮೂಲ ಫೈಲಿನಲ್ಲಿ ಆ ಮುಖದ ಅಗಲಕ್ಕೆ ಸುಮಾರು 237 ಚುಕ್ಕಿ ಸಿಗುತ್ತವೆ. ವಾಟ್ಸ್ಆ್ಯಪ್ ಹಾದು ಬಂದದ್ದರಲ್ಲಿ 40. ನಲವತ್ತರಲ್ಲಿ ಕಣ್ಣಿದೆ ಮೂಗಿದೆ ಎನ್ನಬಹುದು, ಯಾರದು ಎನ್ನಲಾಗದು. ಆದ್ದರಿಂದ ಮೂರನೆಯ ಸೂತ್ರ: ಮೂಲಮಂ ಕಳಿಪುದು. 2023ರಿಂದ ಎಚ್‌ಡಿ ಎಂಬ ಗುಂಡಿ ಬಂದಿದೆ, ಅದು ಅರ್ಧ ಪುಣ್ಯ. ಪೂರ್ತಿ ಪುಣ್ಯ ಬೇಕಾದವರು ಡಾಕ್ಯುಮೆಂಟ್ ಎಂದು ಕಳಿಸಬೇಕು. ಇಲ್ಲವೇ ಪೆನ್‌ಡ್ರೈವ್‌ಗೆ ಹಾಕಿ, ಭಾಲ್ಕಿ ಕಡೆಯಿಂದ ಬರುವ ಕೆಂಪು ಬಸ್ಸಿನಲ್ಲಿ ಕೂತ ಯಾರಾದರೂ ಭಾವಂದಿರ ಕೈಗೆ ಕೊಡಬೇಕು. ರೋಲು ತೊಳೆಸಿದ ಕಾಲದಲ್ಲೂ ಪಟಗಳು ಹೀಗೇ ಊರು ದಾಟುತ್ತಿದ್ದವು.

ಅಳಿಯ ಶಾಸ್ತ್ರಕ್ಕೆ ತಲೆಬಾಗಿದ. ಮಾಂಡವ ಬಿಚ್ಚುವ ಮೊದಲು ಎಲ್ಲರನ್ನೂ ಮತ್ತೆ ನಿಲ್ಲಿಸಿ, ಅಪರ್ಚರ್ ಎಂಟಕ್ಕೆ ಇಟ್ಟು, ಪಾದ ಸಮೇತ, ಪಟಗ ಸಮೇತ ತೆಗೆದು, ಮೂಲ ಫೈಲನ್ನೇ ಡಾಕ್ಯುಮೆಂಟಾಗಿ ಕಳಿಸಿದ. ಅರ್ಧ ಜನರ ಫೋನಿನಲ್ಲಿ ಜಾಗ ಸಾಲಲಿಲ್ಲ. ಮಾಮಾನ ಫೋನಿನಲ್ಲಿ ಸಾಲಿತು. ಆತ ಅದನ್ನು ತೆರೆದು, ಎರಡು ಬೆರಳಿನಿಂದ ತನ್ನ ಮಾರಿಯನ್ನಷ್ಟೇ ಹಿಗ್ಗಿಸಿ, ಸ್ಕ್ರೀನ್‌ಶಾಟ್ ಹೊಡೆದು ಡಿಪಿ ಇಟ್ಟುಕೊಂಡಿದ್ದಾನೆ. ಪಕ್ಕದಲ್ಲಿ ನಿಂತಿದ್ದ ಮಾಮಿಯದು ಅರ್ಧ ಕಿವಿ ಮತ್ತು ಒಂದು ಝುಮಕಿ ಮಾತ್ರ ಎಡ ಅಂಚಿನಲ್ಲಿ ಉಳಿದಿವೆ. ಔರಾದ್ ಶಹಾಜಾನಿಯಲ್ಲಿರುವ ಮಾಮಿಯ ತವರಿನವರು ಅದನ್ನು ನೋಡಿಯಾಗಿದೆ. ಪ್ರಬಂಧದ ಎರಡನೆಯ ಸಂಪುಟಕ್ಕೆ ಸಾಮಗ್ರಿ ಬರತೊಡಗಿದೆ, ಸದ್ಯಕ್ಕೆ ಎಲ್ಲವೂ ಕನ್ನಡದಲ್ಲೇ.